ಮೂರಂಗುಲದ ಆಚಾರ್ರು

ನಮ್ಮೂರಿನ ಫುಟ್‌ಬಾಲ್ ಕ್ರೀಡಾಂಗಣದ ದೊಡ್ಡ ಬಾಗಿಲ ಪಕ್ಕದಲ್ಲಿ ಆಳೆತ್ತರದ ಕರಿಕಲ್ಲೊಂದನ್ನು ನಿಲ್ಲಿಸಿದ್ದಾರೆ. ಮೈದಾನದ ಇತಿಹಾಸವನ್ನು ಅದರ ಮೇಲೆ ನಾಲ್ಕು ಪ್ಯಾರಾಗಳಲ್ಲಿ ಕೆತ್ತಿದೆ. ಎರಡನೆಯ ಪ್ಯಾರಾದಲ್ಲಿ ಒಂದು ಸುಳ್ಳಿದೆ. ಅದನ್ನು ಬರೆದವನು ನಾನು.

ಆ ಸುಳ್ಳು ಯಾರ ತಲೆಯ ಮೇಲೆ ಕೂತಿದೆಯೋ ಆ ಆಚಾರ್ರು ಹೋದ ತಿಂಗಳು ತೀರಿಕೊಂಡರು. ಊರಿಗೆಲ್ಲ ಅವರು ಆಚಾರ್ರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ನಾನೂ ಕರೆದವನಲ್ಲ. ಈಗ ಹೆಸರು ಹಾಕಿದರೆ ಬೇರೆ ಯಾರದೋ ವಿಷಯ ಬರೆದಂತೆ ಅನಿಸುತ್ತದೆ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ನಮ್ಮಲ್ಲಿ ವಾಡಿಕೆ. ನನಗೆ ಆ ಯೋಗ್ಯತೆ ಇಲ್ಲ. ಬದುಕಿದ್ದಾಗ ಅವರ ಪರವಾಗಿ ಒಂದೇ ಒಂದು ನಿಜದ ಮಾತು ಆಡಬೇಕಾಗಿತ್ತು. ಅದನ್ನು ಆಡದೆ ನುಂಗಿಕೊಂಡು ಇಷ್ಟು ವರ್ಷ ಉಂಡು ತಿಂದು ಓಡಾಡಿಕೊಂಡಿದ್ದೇನೆ.

ಸಣ್ಣ ಆಳು. ತೋಳಿಲ್ಲದ ಬನೀನು, ಹೆಗಲ ಮೇಲೊಂದು ಟವೆಲ್ಲು, ಎಡಗಿವಿಯ ಮೇಲೆ ಚಪ್ಪಟೆ ಪೆನ್ಸಿಲ್ಲು. ಸ್ನಾನಕ್ಕೆ ಕೂತಾಗ ಮಾತ್ರ ಆ ಪೆನ್ಸಿಲ್ಲು ಕಿವಿಯಿಂದ ಇಳಿಯುತ್ತದೆ ಎಂದು ಅವರ ಹೆಂಡತಿ ನಗುತ್ತಿದ್ದರು. ಏನನ್ನೇ ನೋಡಲಿ, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡುವುದು ಅವರ ಅಭ್ಯಾಸ. ಮರದ ತುಂಡನ್ನು ಹಾಗೆ ನೋಡಿದರೆ ಸರಿ. ಅವರು ಬಸ್ಸನ್ನೂ ಮದುವೆ ಚಪ್ಪರವನ್ನೂ ಹಾಗೇ ನೋಡುವರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎಲೆಕ್ಷನ್ ಭಾಷಣ ನಡೆಯುತ್ತಿತ್ತು. ಭಾಷಣ ಮಾಡುತ್ತಿದ್ದವರನ್ನು ಆಚಾರ್ರು ಬಲಗಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿ, "ಎಡಕ್ಕೆ ವಸಿ ವಾಲವ್ರೆ ಕಣಿ ಮೇಷ್ಟ್ರೆ. ಒಂದ್ ಚಕ್ಕೆ ಕೊಟ್ರೆ ಸರೋಯ್ತದೆ" ಅಂದರು. ಗಂಭೀರವಾಗಿಯೇ ಅಂದದ್ದು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಬೇರೆ ಬಡಗಿಗಳಲ್ಲಿ ನಾನು ಅದನ್ನು ನೋಡಿಲ್ಲ. ಯಾವ ಮನೆಯ ಬಾಗಿಲು ಒಪ್ಪಿಕೊಂಡರೂ ಆ ಮನೆಗೆಂದೇ ಒಂದು ಅಳತೆಕೋಲು ಮಾಡುವರು. ಬಾಗಿಲಿನ ಎತ್ತರ, ಅಗಲ ಎಲ್ಲ ಆ ಕೋಲಿನ ಮೇಲೆ. ಗರಗಸ ಮುಟ್ಟುವ ಮೊದಲು ಮನೆಯ ಯಜಮಾನನನ್ನು ಕರೆದು ಕಿವಿಯ ಮೇಲಿನ ಪೆನ್ಸಿಲ್ಲು ಕೊಟ್ಟು, "ಗೀಟೆಳೀರಿ" ಅನ್ನುವರು. ಯಜಮಾನ ಅಳತೆಯ ಜಾಗದಲ್ಲಿ ಒಂದು ಗೀಟೆಳೆದು ಪಕ್ಕದಲ್ಲಿ ತನ್ನ ಹೆಸರಿನ ಅಕ್ಷರ ಬರೆಯಬೇಕು. ಓದು ಬಾರದವರು ಒಂದು ಸೊನ್ನೆ ಹಾಕಿದರೂ ಆಯಿತು. ಕೆಲಸ ಮುಗಿದ ಮೇಲೆ ಕೋಲು ಆಚಾರ್ರ ಮನೆಯ ಅಟ್ಟ ಸೇರುತ್ತಿತ್ತು.

"ಕಣ್ಣು ಸುಳ್ಳೇಳ್ತದೆ, ಬಾಯಿ ಸುಳ್ಳೇಳ್ತದೆ, ಕೋಲು ಏಳಕಿಲ್ಲ" ಎಂಬುದು ಅವರ ಮಾತು.

ಗೋವಿಂದನಹಳ್ಳಿ ಕಡೆಯ ಒಬ್ಬ ಸಾಹುಕಾರರು ಗೃಹಪ್ರವೇಶದ ದಿನ ನೆಂಟರೆಲ್ಲ ಸೇರಿದ್ದಾಗ, ಬಾಗಿಲು ಗಿಡ್ಡವಾಯಿತು, ಆಚಾರಿ ಮರ ಉಳಿಸಿಕೊಂಡಿದ್ದಾನೆ ಎಂದು ಕೂಗಾಡಿದರಂತೆ. ಆಚಾರ್ರು ಊಟವನ್ನೂ ಮಾಡದೆ ಬಸ್ಸು ಹತ್ತಿ ಊರಿಗೆ ಬಂದು, ಮಾರನೆಯ ದಿನ ಕೋಲು ಹಿಡಿದು ಮತ್ತೆ ಹೋಗಿ ಬಾಗಿಲಿಗೆ ಆನಿಸಿ ನಿಲ್ಲಿಸಿದರು. ಸಾಹುಕಾರರ ಗೀಟು ಬಾಗಿಲಿನ ಮೇಲುಮರಕ್ಕೆ ಸರಿಯಾಗಿ ಕೂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಆವತ್ತು ಒಬ್ಬಟ್ಟು ಮಾಡಿ ಉಣ್ಣಕಿಕ್ಕುದ್ರು. ಆದ್ರೆ ನಂಗೆ ಒಬ್ಬಟ್ಟು ಬ್ಯಾಡಾಗಿತ್ತು ಕಣಿ. ಅಳ್ತೆ ತೆಪ್ಪಿಲ್ಲ ಅಂತ ಅವ್ರ ಬಾಯಲ್ ಬರ್ಬೇಕಾಗಿತ್ತು, ಬಂತು" ಎಂದು ಈ ಕತೆಯನ್ನು ಅವರು ನನಗೆ ಎರಡು ಮೂರು ಸಲ ಹೇಳಿದ್ದಾರೆ. ಅವರ ಸಂಸಾರಕ್ಕೆ ಆಸ್ತಿ ಅಂತ ಇದ್ದದ್ದು ಅದೊಂದೇ, ಅವರ ಅಳತೆ ತಪ್ಪುವುದಿಲ್ಲ ಎಂಬ ಮಾತು. ಆ ಮಾತಿನ ಮೇಲೆ ಪಾಲಹಳ್ಳಿಯಿಂದ ನಾಗಮಂಗಲದವರೆಗೆ ಜನ ತಲೆಬಾಗಿಲು ಕೂರಿಸಲು ಅವರನ್ನು ಕರೆಯುತ್ತಿದ್ದರು.

ಅಂಥ ಮಾತನ್ನು ನಾನು ಅಳಿಸಿದೆ.

ನಾನು ಈ ಊರಿನ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದಾಗ ಕ್ರೀಡಾಂಗಣ ಎಂಬುದೇ ಇರಲಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕ ಕಬ್ಬಿನ ಗಾಡಿಗಳು ನಿಲ್ಲುವ ಬಯಲೊಂದಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಎತ್ತುಗಳದ್ದು, ಮಿಕ್ಕ ಕಾಲದಲ್ಲಿ ನಮ್ಮದು. ಸಗಣಿ ಗುಡಿಸಿ ಚೆಂಡಾಡುತ್ತಿದ್ದೆವು. ಗೋಲು ಎಂದರೆ ಎರಡು ಬಿದಿರು ಗಳ, ಮೇಲೊಂದು ಹಗ್ಗ. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂದು ವಾರಕ್ಕೊಂದು ಜಗಳ. ಆಮೇಲೆ ಊರವರೇ ಗಾಡಿಗಳಲ್ಲಿ ಮಣ್ಣು ಹೊಡೆದು ಒಂದು ಪಕ್ಕಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಟ್ಟಿದರು. ಅದಕ್ಕೆ ಗ್ಯಾಲರಿ ಎಂದು ಹೆಸರಿಟ್ಟವನು ನಾನೇ. ಗ್ಯಾಲರಿ ಆದ ಮೇಲೆ ಸುಮ್ಮನಿರಲಾಗುತ್ತದೆಯೇ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕು ತಾಲ್ಲೂಕಿನ ತಂಡಗಳನ್ನೂ ಕರೆಸಿ ಟೂರ್ನಮೆಂಟು ಮಾಡಬೇಕು ಎಂಬ ಹುಚ್ಚು ನನಗೆ ಹತ್ತಿತು. ಅದಕ್ಕೆ ಹಗ್ಗದ ಗೋಲು ಸಾಲದು, ಮರದ್ದು ಬೇಕು. ಆಚಾರ್ರ ಮನೆಗೆ ಹೋದೆ.

"ಅಗಲ ಇಪ್ಪತ್ನಾಲ್ಕು ಅಡಿ, ಎತ್ತರ ಎಂಟಡಿ. ಇದು ರೂಲು" ಎಂದೆ.

ಅವರು ಬಲಗಣ್ಣು ಮುಚ್ಚಿಕೊಂಡು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನೆಲದ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದರು. ಬಾಗಿಲು ಕೂರಿಸುವವರು ಆಯ ನೋಡುತ್ತಾರಲ್ಲ, ಅದು. ಅವರ ತಂದೆ ಕಲಿಸಿದ ಲೆಕ್ಕ ಇಷ್ಟೇ: ಅಗಲ ಎತ್ತರ ಎರಡನ್ನೂ ಅಂಗುಲ ಮಾಡಿ ಕೂಡಿಸುವುದು, ಎಂಟರಿಂದ ಭಾಗಿಸುವುದು, ಉಳಿದದ್ದು ಆಯ. ಒಂದು ಉಳಿದರೆ ಧ್ವಜ, ಮೂರು ಉಳಿದರೆ ಸಿಂಹ, ಹೀಗೆ. ಏನೂ ಉಳಿಯದಿದ್ದರೆ ಕಾಗೆ.

"ಸೊನ್ನೆ ಮೇಷ್ಟ್ರೆ. ಕಾಗೆ ಆಯ. ಕಾಗೆ ಆಯದ ಬಾಗ್ಲು ನಮ್ಮ ಮನೇಲಿ ಯಾರೂ ಕೂರ್ಸಿಲ್ಲ."

"ಅದು ಬಾಗಿಲಲ್ಲ ಆಚಾರ್ರೇ, ಗೋಲು."

"ಎರಡು ಕಂಬ, ಮ್ಯಾಲೊಂದು ತೊಲೆ. ಬಾಗ್ಲಲ್ದೆ ಇನ್ನೇನದು? ವಸ್ಲು ಇಲ್ಲ ಅಷ್ಟೆಯ. ಮೂರಂಗುಲ ಜಾಸ್ತಿ ಮಾಡುದ್ರೆ ಸಿಂಹ ಬತ್ತದೆ. ಒಂದಂಗುಲ ಮಾಡುದ್ರೆ ಧ್ವಜ, ಆದ್ರೆ ಅದು ಗುಡೀಗೆ ಸರಿ. ಆಡೋರ ಬಾಗ್ಲಿಗೆ ಸಿಂಹ್ವೇ ಇರ್ಲಿ."

ನನಗೆ ನಗು ಬಂತು. ಜೊತೆಗೆ ಅವಸರವೂ ಇತ್ತು. ಆಚಾರ್ರು ಮಾತ್ರ ನಗಲಿಲ್ಲ. "ರೂಲು ಅಂದ್ರಿ. ರೂಲು ಮುರೀಬಾರ್ದು ಅನ್ನಂಗಿದ್ರೆ ಏಳ್ಬುಡಿ ಮೇಷ್ಟ್ರೆ, ನಾನು ಬ್ಯಾಡ. ಬ್ಯಾರೇವ್ರ ಕೈಲಿ ಮಾಡುಸ್ಕಳಿ, ನಂಗೇನೂ ಬ್ಯಾಸ್ರಿಲ್ಲ" ಅಂದರು.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ರೂಲು ಗೊತ್ತಿದ್ದವನು ನಾನು. ಅವರಿಗೆ ಗೊತ್ತಿರಬೇಕಾದ ಕಾರಣವಿಲ್ಲ. ನಾನು ಅಂದದ್ದು ಇಷ್ಟು: "ಮೂರಂಗುಲ ತಾನೇ, ಹಾಕಿ ಆಚಾರ್ರೇ. ಅದನ್ನ ಯಾರು ಅಳೀತಾರೆ?"

ಅವರು ಎಂಟಡಿಯ ಕೋಲೊಂದನ್ನು ತಂದರು. ಎತ್ತರಕ್ಕೆ ಒಂದು ಕೋಲು, ಅಗಲಕ್ಕೆ ಮೂರು ಕೋಲು ಮತ್ತು ಮೂರಂಗುಲ. ಕೋಲಿನ ತುದಿಯಿಂದ ಮೂರಂಗುಲ ಅಳೆದು ಪೆನ್ಸಿಲ್ಲು ನನ್ನ ಕೈಗೆ ಕೊಟ್ಟು, "ಗೀಟೆಳೀರಿ" ಅಂದರು. ಎಳೆದೆ. ಪಕ್ಕದಲ್ಲಿ ನನ್ನ ಹೆಸರಿನ ಎರಡಕ್ಷರವನ್ನೂ ಬರೆದೆ.

ಗೋಲು ಎಷ್ಟು ಚೆನ್ನಾಗಿ ಬಂತೆಂದರೆ, ಕೆ.ಆರ್.ಪೇಟೆಯಿಂದ ಟ್ರಾಕ್ಟರಿನಲ್ಲಿ ಬಂದ ತಂಡದವರು ಆಟ ಶುರುವಾಗುವ ಮುಂಚೆ ಕಂಬಗಳನ್ನು ಸವರಿ ನೋಡುತ್ತಿದ್ದರು. ನೀಲಗಿರಿ ತೊಲೆಯನ್ನು ತಿಂಗಳುಗಟ್ಟಲೆ ನಾಲೆಯ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಉಜ್ಜುಗೊರಡು ಹಾಕಿ ನಯ ಮಾಡಿದ್ದರು. ಪ್ರತಿ ಟೂರ್ನಮೆಂಟಿಗೂ ಮುಂಚೆ ಅವರೇ ಬಂದು ಕಂಬಗಳಿಗೆ ಎಣ್ಣೆ ಒರೆಸುವರು. ಆಯುಧಪೂಜೆಯ ದಿನ ಎರಡೂ ಗೋಲಿಗೆ ಮಾವಿನ ತೋರಣ ಕಟ್ಟಿ ಅರಿಸಿನ ಕುಂಕುಮ ಇಟ್ಟು ಹೋಗುವರು. ಒಮ್ಮೆ ತೋರಣ ತೆಗೆಯುವುದು ಮರೆತುಹೋಗಿ, ಚೆಂಡು ಮಾವಿನೆಲೆಗೆ ತಗುಲಿ ದಾರಿ ತಪ್ಪಿ, ನಾನು ಅವರ ಮೇಲೆ ರೇಗಿದ್ದೆ.

ಆಟ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮಣ್ಣಿನ ಗ್ಯಾಲರಿಯ ಮೂಲೆಯಲ್ಲಿ ಕೂತು ಆಟ ಬಿಟ್ಟು ಕಂಬ ನೋಡುತ್ತಿದ್ದರು. ಒಂದು ದಿನ ಕೇಳಿದರು: "ಅಲ್ಲ ಮೇಷ್ಟ್ರೆ, ಬಾಗ್ಲು ಇರೋದೇ ಒಳೀಕ್ ಬರ್ಲಿ ಅಂತ. ಅವ್ನು ಯಾಕೆ ಅಂಗೆ ಬಿದ್ದು ಎದ್ದು ತಡೀತಾನೆ? ಪಾಪ, ಮೊಣಕೈಯೆಲ್ಲ ತರ್ಚೋಗದೆ." ಗೋಲ್‌ಕೀಪರ್‌ಗೆ ಅವರಿಟ್ಟ ಹೆಸರು ಬಾಗ್ಲು ಕಾಯೋನು. ಅವನು ಎದುರಿಗೆ ಸಿಕ್ಕಿದರೆ ಮನೆಯಿಂದ ಎಣ್ಣೆ ತಂದು ಮೊಣಕೈಗೆ ಹಚ್ಚಿ ಕಳಿಸುತ್ತಿದ್ದರು.

ಹೀಗೆ ಕೆಲವು ವರ್ಷ ನಡೆಯಿತು. ನಾನು ಹೇಳಿದಂತೆಯೇ ಯಾರೂ ಅಳೆಯಲಿಲ್ಲ.

ಒಂದು ವರ್ಷ ಫೈನಲ್ಲಿನಲ್ಲಿ ನಮ್ಮೂರಿಗೂ ನಾಗಮಂಗಲದ ತಂಡಕ್ಕೂ ಬಿತ್ತು. ಕೊನೆಯ ಗಳಿಗೆಯಲ್ಲಿ ನಮ್ಮವನೊಬ್ಬ ಹೊಡೆದ ಚೆಂಡು ಕಂಬದ ಒಳಮೈಗೆ ಸವರಿಕೊಂಡು ಒಳಗೆ ಹೋಯಿತು. ಗೆದ್ದೆವು. ಗ್ಯಾಲರಿಯ ಮಣ್ಣು ಜರಿಯುವಂತೆ ಜನ ಕುಣಿದರು. ನಾಗಮಂಗಲದವರ ಜೊತೆ ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಹಿರಿಯರು ಬಂದಿದ್ದರು. ಅವರು ಕುಣಿಯುವವರ ನಡುವೆ ನಡೆದು ಬಂದು, "ಟೇಪು ತನ್ನಿ" ಎಂದರು.

ಟೇಪು ಹಿಡಿದರು. ಇಪ್ಪತ್ನಾಲ್ಕು ಅಡಿ ಮೂರಂಗುಲ. ಇನ್ನೊಂದು ಗೋಲನ್ನೂ ಹಿಡಿದರು. ಅದೂ ಅಷ್ಟೇ.

ರೆಫರಿ ನನ್ನ ಕಡೆ ತಿರುಗಿ, "ಟೂರ್ನಮೆಂಟಿನ ಸೆಕ್ರೆಟರಿ ನೀವಲ್ವಾ? ಏನಿದು?" ಎಂದರು.

ನನಗೆ ಆಗ ಕೆಲಸ ಹೋಗುವ ಭಯವೇನೂ ಇರಲಿಲ್ಲ. ಯಾರೂ ನನ್ನನ್ನು ಹೊಡೆಯುತ್ತಲೂ ಇರಲಿಲ್ಲ. ರೂಲು ಗೊತ್ತಿದ್ದೂ ಆಯ ನೋಡಿ ಗೋಲು ಮಾಡಿಸಿದ ಮೇಷ್ಟ್ರು ಎಂದು ನಾಲ್ಕು ತಾಲ್ಲೂಕಿನವರು ನಗುತ್ತಾರಲ್ಲ, ಅಷ್ಟೇ ಭಯ. ಇದಕ್ಕಿಂತ ದೊಡ್ಡ ಕಾರಣವನ್ನು ಈಗಲೂ ಹುಡುಕುತ್ತಿರುತ್ತೇನೆ, ಸಿಕ್ಕಿಲ್ಲ.

"ನಾನು ಅಳತೆ ಸರಿಯಾಗೇ ಕೊಟ್ಟಿದ್ದೆ ಸಾರ್. ಆಚಾರಿ ತಪ್ಪು ಮಾಡಿದ್ದಾನೆ" ಎಂದೆ.

ಮಾಡಿದ್ದಾನೆ ಎಂದೆ. ಅಷ್ಟು ವರ್ಷ ಒಂದು ದಿನವೂ ನಾನು ಅವರನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

ಗ್ಯಾಲರಿಯ ಮೂಲೆಯಿಂದ ಅವರನ್ನು ಕರೆತಂದರು. ಹೆಗಲ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಮೈದಾನದಿಂದ ಅವರ ಮನೆಗೆ ಐದು ನಿಮಿಷದ ದಾರಿ. ನನ್ನ ಗೀಟಿರುವ ಕೋಲು ಅಟ್ಟದ ಮೇಲಿದೆ. ಓಡಿ ಹೋಗಿ ತರುತ್ತಾರೆ, ಗೋವಿಂದನಹಳ್ಳಿಯ ಸಾಹುಕಾರರಿಗೆ ಆದದ್ದೇ ನನಗೂ ಆಗುತ್ತದೆ ಎಂದುಕೊಂಡೆ. ಅವರು ನನ್ನ ಮುಖ ನೋಡಿದರು. ಅವತ್ತು ಎರಡೂ ಕಣ್ಣು ಬಿಟ್ಟು ನೋಡಿದರು. ನಾನು ಕೈಯಲ್ಲಿದ್ದ ಸೀಟಿಯ ದಾರ ಬಿಡಿಸುತ್ತಾ ನಿಂತೆ.

"ಊಂ ಸಾ. ಅಳ್ತೆ ನಂದೇ" ಅಂದರು ಆಚಾರ್ರು.

ಗುಂಪಿನಲ್ಲಿ ಯಾರೋ, "ಮೂರಂಗುಲದ ಆಚಾರಿ ಕಣ್ರಲಾ!" ಎಂದು ಕೂಗಿದರು. ಎಲ್ಲರೂ ನಕ್ಕರು. ನಾಗಮಂಗಲದ ಹಿರಿಯರೂ ನಕ್ಕುಬಿಟ್ಟರು. ಎರಡೂ ಗೋಲು ಒಂದೇ ಸಮ ಇದ್ದವು, ಇಬ್ಬರಿಗೂ ಒಂದೇ ಅನುಕೂಲ ಎಂದು ರೆಫರಿ ಆಟವನ್ನು ಊರ್ಜಿತ ಮಾಡಿದರು. ಕಪ್ಪು ನಮಗೇ ಉಳಿಯಿತು. ನಾನು ಅದನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ಹೋದೆ.

ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಬರುವಾಗ ನೋಡಿದರೆ, ಆಚಾರ್ರು ಒಬ್ಬರೇ ಗೋಲು ಬಿಚ್ಚಿ ನೆಲಕ್ಕೆ ಮಲಗಿಸಿ ತೊಲೆ ಕುಯ್ಯುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಸಂಜೆಯೊಳಗೆ ಎರಡೂ ಗೋಲನ್ನು ಇಪ್ಪತ್ನಾಲ್ಕು ಅಡಿಗೆ ತಂದು ಮತ್ತೆ ನಿಲ್ಲಿಸಿದರು. ಅವರ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದು ನಾನು ಮೂರು ಸಲ ಸ್ಟಾಫ್‌ರೂಮಿನಿಂದ ಎದ್ದೆ, ಮೂರು ಸಲ ಕೂತೆ. ಕೊನೆಗೆ ಅವರೇ ಕಿಟಕಿಯ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ.

"ಕಾಗೆ ಆಯ ಆಗೋಯ್ತು ಮೇಷ್ಟ್ರೆ. ಆಡೋರ್ಗೆ ಕೈಕಾಲು ಮುರೀದಂಗೆ ವಸಿ ನೋಡ್ಕಳಿ" ಎಂದು ಹೇಳಿ ಹೋದರು.

ಆಮೇಲೆ ಆದದ್ದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ನಾಗಮಂಗಲದ ಕಡೆಯವರು ಕರೆಯುವುದು ನಿಂತಿತು. ಆಮೇಲೆ ಪಾಲಹಳ್ಳಿ ಕಡೆಯವರು. ಗೋಲಿನ ಅಳತೆಯನ್ನೇ ತಪ್ಪಿದವನು ತಲೆಬಾಗಿಲು ಹೇಗೆ ಕೂರಿಸುತ್ತಾನೆ ಎಂದು ಜನ ಆಡಿಕೊಂಡರು. ಜನಕ್ಕೇನು, ಆಡಿಕೊಳ್ಳಲು ಒಂದು ನೆಪ ಬೇಕು. ಆಚಾರ್ರು ಮಣೆ, ಮಂಚ, ತೊಟ್ಟಿಲು, ಅಂಗಡಿಯ ಬೆಂಚು ಮಾಡಿಕೊಂಡು ಕಾಲ ಹಾಕಿದರು. ತಲೆಬಾಗಿಲು ಮಾತ್ರ ಅವರ ಕೈಗೆ ಮತ್ತೆ ಬರಲಿಲ್ಲ. ಹಬ್ಬಕ್ಕೆ ಅವರ ಮನೆಯಿಂದ ನಮ್ಮ ಮನೆಗೆ ಎಳ್ಳು ಬೆಲ್ಲ ಬರುವುದು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಅದನ್ನು ತಿನ್ನುವಾಗ ನನಗೆ ಗಂಟಲಲ್ಲಿ ಇಳಿಯುತ್ತಿತ್ತೇ ಎಂದು ಕೇಳಿದರೆ, ಇಳಿಯುತ್ತಿತ್ತು. ಅದೇ ನಾಚಿಕೆಗೇಡು.

ನಾನು ಮನೆ ಕಟ್ಟಿದಾಗ ನಮ್ಮ ಮನೆಯವಳು, "ಬಾಗಿಲಿಗೆ ಆಚಾರ್ರನ್ನೇ ಕರೀರಿ" ಎಂದಳು. ನಾನು ಮೈಸೂರಿನಿಂದ ರೆಡಿಮೇಡ್ ಬಾಗಿಲು ತರಿಸಿದೆ. ಮತ್ತೊಂದು ಕೋಲು ಮುಂದಿಟ್ಟು ಪೆನ್ಸಿಲ್ಲು ಕೊಟ್ಟು "ಗೀಟೆಳೀರಿ" ಎಂದರೆ ನನ್ನ ಕೈ ಆಡುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಅವರು ಬಂದರು, ಉಂಡರು. ಹೋಗುವಾಗ ಬಾಗಿಲನ್ನು ಸವರಿ, ಬಲಗಣ್ಣು ಮುಚ್ಚಿ ಮೇಲಿಂದ ಕೆಳಗೆ ನೋಡಿ, "ಚೆನ್ನಾಗದೆ ಮೇಷ್ಟ್ರೆ" ಅಂದರು. ಆ ಬಾಗಿಲು ಮೊದಲ ಮಳೆಗಾಲದಿಂದ ಇವತ್ತಿನವರೆಗೂ ನೆಲಕ್ಕೆ ಕೆರೆಯುತ್ತದೆ.

ಇನ್ನು ಆ ಕಲ್ಲಿನ ವಿಷಯ.

ಮೈದಾನಕ್ಕೆ ದೊಡ್ಡ ಅನುದಾನ ಬಂತು. ಜೆಸಿಬಿ ಬಂದು ಮಣ್ಣಿನ ಗ್ಯಾಲರಿಯನ್ನು ಅರ್ಧ ದಿನದಲ್ಲಿ ಬಗೆದು ಹಾಕಿತು. ಸುತ್ತಲೂ ಸಿಮೆಂಟಿನ ಮೆಟ್ಟಿಲು, ಮೇಲೆ ತಗಡಿನ ಚಾವಣಿ, ನಾಲ್ಕು ಮೂಲೆಗೆ ದೀಪದ ಕಂಬ ಎದ್ದವು. ಚಾಪೆಯ ಹಾಗೆ ಸುತ್ತಿದ ಪ್ಲಾಸ್ಟಿಕ್ ಹುಲ್ಲು ಲಾರಿಗಳಲ್ಲಿ ಬಂತು. ಅದನ್ನು ಹಾಸಿ ಅಂಚಿಗೆ ಗೋಂದು ಹಚ್ಚಿದರು. ಎತ್ತು ನಿಲ್ಲುತ್ತಿದ್ದ ಜಾಗ ಇದೇ ಎಂದರೆ ಈಗ ಯಾರೂ ನಂಬುವುದಿಲ್ಲ. ಹೊಸ ಗೋಲು ಅಲ್ಯುಮಿನಿಯಮ್ಮಿನದು. ಡಬ್ಬದಲ್ಲಿ ಬಂದ ತುಂಡುಗಳನ್ನು ಎಲ್ಲಿಂದಲೋ ಬಂದ ನಾಲ್ವರು ಕೆಲಸಗಾರರು ಮಧ್ಯಾಹ್ನದೊಳಗೆ ಜೋಡಿಸಿ ನಿಲ್ಲಿಸಿ ಹೋದರು. ಆಚಾರ್ರ ಗೋಲುಗಳನ್ನು ಗೆದ್ದಲು ತಿಂದ ಮೇಲೆ ಅದಕ್ಕೂ ಹಿಂದೆಯೇ ತೆಗೆದು ಕಬ್ಬಿಣದ್ದು ಹಾಕಿದ್ದೆವು.

ನಾನು ಆಗ ನಿವೃತ್ತ. ಮೈದಾನದ ಇತಿಹಾಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರು ಮನೆಗೇ ಬಂದರು. "ಬರೀ ಒಣ ವಿಷಯ ಬೇಡ ಸಾರ್. ಒಂದು ತಮಾಷೆಯ ಪ್ರಸಂಗ ಇರಲಿ, ಜನ ನಿಂತು ಓದಬೇಕು" ಎಂದರು. ತಮಾಷೆಯ ಪ್ರಸಂಗ ನನ್ನ ಬಳಿ ಸಿದ್ಧವಾಗಿಯೇ ಇತ್ತು. ಮೂರಂಗುಲದ ಕತೆಯನ್ನು ಬಹುಮಾನ ವಿತರಣೆಯ ಸಭೆಗಳಲ್ಲಿ, ಬೀಳ್ಕೊಡುಗೆಯ ಸಮಾರಂಭಗಳಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೆನೋ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು. ಹೀಗೆ ಬರೆದೆ: "ಈ ಮೈದಾನದ ಮೊದಲ ಮರದ ಗೋಲುಗಳು ಊರಿನ ಬಡಗಿಯೊಬ್ಬರ ಅಳತೆಯ ತಪ್ಪಿನಿಂದ ಮೂರಂಗುಲ ಅಗಲವಾಗಿದ್ದು, ಬಹುಕಾಲ ಎಲ್ಲರ ನಗೆಗೆ ವಸ್ತುವಾಗಿದ್ದವು." ಓದಿ ನೋಡಿ, ಚೆನ್ನಾಗಿದೆ ಅನಿಸಿತು.

ಉದ್ಘಾಟನೆಯ ದಿನ ಆಚಾರ್ರು ಬಂದಿದ್ದರು. ಬೆನ್ನು ಬಾಗಿತ್ತು, ಪೆನ್ಸಿಲ್ಲು ಮಾತ್ರ ಕಿವಿಯ ಮೇಲೇ ಇತ್ತು. ಜನ ಎಲ್ಲ ಒಳಗೆ ದೀಪ ನೋಡಲು ನುಗ್ಗುತ್ತಿದ್ದಾಗ ಅವರು ಕಲ್ಲಿನ ಮುಂದೆ ನಿಂತು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದುತ್ತಿದ್ದರು. ನಾನು ಹಿಂದೆ ಇದ್ದೆ. ಬೆರಳು ಎರಡನೆಯ ಪ್ಯಾರಾಕ್ಕೆ ಬಂತು. ಬಡಗಿ ಎಂಬ ಪದದ ಮೇಲೆ ನಿಂತಿತು. ಮತ್ತೆ ನಿಧಾನವಾಗಿ ಸಾಲಿನ ಕೊನೆಯವರೆಗೂ ಹೋಯಿತು. ಅವರು ತಿರುಗಿ ನನ್ನನ್ನು ನೋಡಿದರು.

"ಇದ್ನ ಯಾರ್ ಕೆತ್ತುದ್ರು ಮೇಷ್ಟ್ರೆ?"

"ಮಿಷನ್ನು, ಆಚಾರ್ರೇ."

"ಸಾಲು ಒಂದೇ ಮಟ್ಟಕ್ಕೆ ಬಂದವೆ. ಎಲ್ಲೂ ಒಂದ್ ಕೂದ್ಲು ಏರಿಲ್ಲ, ಇಳ್ದಿಲ್ಲ. ಒಳ್ಳೆ ಕೆಲ್ಸ."

ಅಷ್ಟೇ ಅಂದರು. ಒಳಗೆ ಹೋಗಿ ಪ್ಲಾಸ್ಟಿಕ್ ಹುಲ್ಲನ್ನು ಚಪ್ಪಲಿ ಬಿಟ್ಟು ತುಳಿದು ನೋಡಿದರು. ಹೊಸ ಗೋಲಿನ ಮುಂದೆ ನಿಂತು ಬಲಗಣ್ಣು ಮುಚ್ಚಿ ಅಳೆದು, "ಇದೂ ಕಾಗೇನೆ" ಎಂದು ಸಣ್ಣಗೆ ನಕ್ಕರು. ಬಸ್ಸಿಗೆ ಹೊತ್ತಾಯಿತು ಅನ್ನುವವರ ಹಾಗೆ ಬೇಗ ಬೇಗ ಮನೆಗೆ ನಡೆದರು. ಆಮೇಲೆ ಅವರು ಮೈದಾನದ ಕಡೆ ಬಂದದ್ದನ್ನು ನಾನು ನೋಡಲಿಲ್ಲ.

ತೀರಿಕೊಂಡ ಸುದ್ದಿ ಬಂದಾಗ ನಾನು ಮಗಳ ಮನೆಯಲ್ಲಿದ್ದೆ. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಮಾತಿಗೆ ಮಾತು ಬಂದು, "ಅಟ್ಟದ ತುಂಬ ಕೋಲವೆ ಮೇಷ್ಟ್ರೆ. ಯಾರಾರ ಮನೇದೋ. ಒಲೆಗಿಕ್ಕಕೆ ಮನಸ್ಸು ಬರಾಕಿಲ್ಲ" ಎಂದರು.

"ಗೋಲಿನ ಕೋಲು ಇದೆಯೇನಮ್ಮಾ?" ಎಂದೆ. ಹೇಳಿಬಿಡಬೇಕು ಎಂದು ಅವತ್ತು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ನನ್ನ ಗೀಟು ತೋರಿಸಿ, ತಪ್ಪು ನನ್ನದು ಎಂದು ಆ ತಾಯಿಯ ಮುಂದೆಯಾದರೂ ಒಪ್ಪಿಕೊಳ್ಳಬೇಕು ಎಂದು.

ಅವರು ಒಳಗೆ ಹೋಗಿ ಬಾಗಿಲ ಮೂಲೆಯಿಂದ ಅದೊಂದನ್ನೇ ತಂದರು. ಅದು ಅಟ್ಟದ ಮೇಲಿರಲಿಲ್ಲ. ನಾನು ತುದಿಯಿಂದ ಮೂರಂಗುಲದ ಜಾಗ ಹುಡುಕಿದೆ. ಗೀಟಿರಲಿಲ್ಲ. ನನ್ನ ಅಕ್ಷರಗಳೂ ಇರಲಿಲ್ಲ. ಹಳೆಯ ಕೋಲೆಲ್ಲ ಕಪ್ಪಾಗಿದ್ದರೆ ಅಷ್ಟು ಜಾಗ ಮಾತ್ರ ಬೆಳ್ಳಗೆ, ತಗ್ಗಾಗಿ, ಕೈಗೆ ರೇಷ್ಮೆಯಂತೆ ನಯವಾಗಿತ್ತು.

"ಆ ಕಲ್ಲು ನೋಡ್ಕಬಂದ್ರಲ್ಲ, ಆವತ್ತೇ ಅಟ್ಟ ಅತ್ತುದ್ರು. ಕೈಯಲ್ಲಿ ಆಗ್ತಿರ್ನಿಲ್ಲ, ಆದ್ರೂ ಇದ್ನ ಇಳ್ಸಿ ಉಜ್ಜುಗೊರಡು ಆಕುದ್ರು. ಯಾಕ್ ಇಂಗ್ ಮಾಡೀರಿ, ಮೇಷ್ಟ್ರು ಗೀಟಲ್ವ ಅಂದೆ" ಎಂದರು ಆಕೆ.

ಹಾಗಾದರೆ ಆಕೆಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಆ ಎಳ್ಳು ಬೆಲ್ಲ ಗೊತ್ತಿದ್ದೇ ಬರುತ್ತಿತ್ತು.

"ಏನಂದ್ರು?"

"'ಕಲ್ಲಲ್ಲಿ ಬರ್ದವ್ರೆ ಕಣಮ್ಮಿ. ಇದೂ ಇದ್ರೆ ಎರಡ್ರಲ್ಲಿ ಒಂದು ಸುಳ್ಳಾಯ್ತದೆ. ಕಲ್ಲ ನಾನು ಅಳಿಸಕ್ಕಾದದ? ಮೇಷ್ಟ್ರು ಇನ್ನೂ ಊರಲ್ಲಿ ತಿರ್ಗಾಡ್ಬೇಕು' ಅಂದ್ರು."

ಕೋಲು ಸುಳ್ಳು ಹೇಳುವುದಿಲ್ಲ ಎಂದು ಬದುಕಿದವರು. ಅಂಥವರು ನನಗಾಗಿ ಒಂದು ಕೋಲಿನ ಬಾಯಿ ಕಟ್ಟಿದ್ದರು. ನಾನು ಅಳಲಿಲ್ಲ, ಅಳು ಬರಲಿಲ್ಲ. ಬಟ್ಟೆ ಬಿಚ್ಚಿ ಸಂತೆಯಲ್ಲಿ ನಿಲ್ಲಿಸಿದಂತಾಯಿತು. "ತಪ್ಪು ನನ್ನದಮ್ಮಾ" ಎಂದೆ. ಮತ್ತೆ ಅದೇ ಜಾಗದಲ್ಲಿ ಗೀಟೆಳೆಯಬೇಕು ಎಂಬ ಹುಚ್ಚು ಯೋಚನೆ ಬಂತು. "ಅವರ ಪೆನ್ಸಿಲ್ಲು ಕೊಡ್ತೀರಾ?" ಎಂದು ಕೇಳಿದೆ.

"ಅದು ಅವ್ರ ಕಿವಿ ಮ್ಯಾಲೇ ಇತ್ತು ಮೇಷ್ಟ್ರೆ. ಅಂಗೇ ಕಳಿಸ್ಬುಟ್ಟೊ" ಎಂದರು.

ಕೋಲನ್ನು ತಂದು ಮನೆಯಲ್ಲಿಟ್ಟಿದ್ದೇನೆ. ಮಾರನೆಯ ದಿನ ಕ್ರೀಡಾಂಗಣ ನೋಡಿಕೊಳ್ಳುವವರ ಹತ್ತಿರ ಹೋಗಿ, ಕಲ್ಲಿನ ಆ ಸಾಲು ತಪ್ಪು, ತೆಗೆಸಬೇಕು ಎಂದೆ. ಅವರು ಒಳ್ಳೆಯವರೇ, ಕುರ್ಚಿ ಹಾಕಿ ಟೀ ತರಿಸಿದರು. ಒಂದು ಸಾಲು ತೆಗೆಯಲು ಆಗುವುದಿಲ್ಲ, ಇಡೀ ಕಲ್ಲನ್ನೇ ಬದಲಾಯಿಸಬೇಕಾಗುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರಂತೆ, "ಮೂರಂಗುಲದ್ದು ತಾನೇ ಸಾರ್. ಈಗ ಅದನ್ನ ಯಾರು ಅಳೀತಾರೆ ಬುಡಿ" ಎಂದರು. ಟೀ ಕುಡಿಯದೆ ಎದ್ದು ಬಂದೆ. ಮೇಲಿನವರಿಗೆ ಅರ್ಜಿ ಕೊಟ್ಟಿದ್ದೇನೆ, ನಡೆದದ್ದನ್ನೆಲ್ಲ ಬರೆದು ಕೆಳಗೆ ಹೆಸರು ಹಾಕಿ. ಉತ್ತರ ಬಂದಿಲ್ಲ.

ಅಲ್ಲಿಯವರೆಗೆ ನನಗೆ ತೋಚಿದ್ದು ಒಂದೇ. ದಿನಾ ಸಂಜೆ ಹೋಗಿ ಆ ಕಲ್ಲಿನ ಪಕ್ಕ ನಿಲ್ಲುತ್ತೇನೆ. ಎಂಜಿನಿಯರು ಹೇಳಿದ್ದು ನಿಜ, ಜನ ನಿಂತು ಓದುತ್ತಾರೆ. ಎರಡನೆಯ ಪ್ಯಾರಾಕ್ಕೆ ಬಂದಾಗ ನಗುತ್ತಾರೆ. ಮೊದಲ ನಾಲ್ಕು ದಿನ ಬಾಯಿ ಬಿಡಲಾಗಲಿಲ್ಲ. ನಿನ್ನೆ ನಾಗಮಂಗಲದ ಕಾಲೇಜಿನ ಹುಡುಗಿಯರ ತಂಡ ಆಡಲು ಬಂದಿತ್ತು. ಬೂಟು ಹಾಕಿಕೊಂಡ ಇಬ್ಬರು ಹುಡುಗಿಯರು ಗಟ್ಟಿಯಾಗಿ ಓದಿ, "ಮೂರಿಂಚು ಜಾಸ್ತಿ ಮಾಡವ್ನಲ್ಲೇ" ಎಂದು ಕೈ ತಟ್ಟಿಕೊಂಡು ನಕ್ಕರು.

"ಅಳತೆ ನಂದು ಕಣಮ್ಮ" ಎಂದೆ.

ನಗು ನಿಂತಿತು. ಒಬ್ಬಳು ನಾಲಗೆ ಕಚ್ಚಿಕೊಂಡು, "ಸಾರಿ ಸಾರ್, ಗೊತ್ತಾಗ್ನಿಲ್ಲ. ಆ ಆಚಾರ್ರು ನೀವೇನಾ?" ಎಂದು ಕೇಳಿದಳು.

ಹೂಂ ಎಂದುಬಿಟ್ಟಿದ್ದರೆ ಅವಳು ನಮಸ್ಕಾರ ಮಾಡಿ ಹೋಗಿಬಿಡುತ್ತಿದ್ದಳು. ಸತ್ತ ಮೇಲೂ ಅವರ ಜಾಗದಲ್ಲಿ ನಾನು ನಿಂತು ಮರ್ಯಾದೆ ತೆಗೆದುಕೊಂಡಂತಾಗುತ್ತಿತ್ತು.

"ಅಲ್ಲಮ್ಮ" ಎಂದೆ. "ಆಚಾರ್ರ ಅಳತೆ ಯಾವತ್ತೂ ತಪ್ಪಿರಲಿಲ್ಲ. ಸುಳ್ಳು ಹೇಳಿದ ಮೇಷ್ಟ್ರು ನಾನು. ಕೂತ್ಕೊಳ್ಳಿ, ಹೇಳ್ತೀನಿ."